ಸೂಜಿ ಮುರಿದರೆ ಮೊದಲು ಫೂಟ್ ತಿರುಗಿಸಿ ನೋಡಿ

ತಂಗಿ ಮಗಳ ಮದುವೆಗೆ ಎರಡೇ ದಿನ ಇತ್ತು. ರಾತ್ರಿ ಹತ್ತೂವರೆಗೆ ಹೊಲಿಗೆ ಮಷೀನಿನಲ್ಲಿ ಸೀರೆ ಅಂಚಿಗೆ ಜಿಗ್‌ಜ್ಯಾಗ್, ಅಂದರೆ ಅಂಕುಡೊಂಕು ಹೊಲಿಗೆ, ಹೊಡೆಯಲು ಕೂತೆ, ಟಕ್ ಅಂತ ಸೂಜಿ ಮುರಿಯಿತು. ಹಳೆ ಸೂಜಿ, ಹೋಗಲಿ ಬಿಡು ಅಂತ ಹೊಸದು ಹಾಕಿದೆ. ಅದೂ ಟಕ್. ಅಡಿ ದಾರದ ಬಾಬಿನ್ ಬಿಚ್ಚಿ ಮತ್ತೆ ಸುತ್ತಿದೆ, ದಾರದ ಬಿಗಿ, ಅಂದರೆ ಟೆನ್ಶನ್, ಸಡಿಲ ಮಾಡಿದೆ, ಬಟ್ಟೆಯನ್ನು ಅಡಿಯಿಂದ ಮುಂದೆ ತಳ್ಳುವ ಹಲ್ಲಿನ ಸಂದಿಯ ಧೂಳೆಲ್ಲ ಬ್ರಶ್ಶಿನಿಂದ ತೆಗೆದೆ, ಎಣ್ಣೆ ಬಿಟ್ಟೆ. ಮೂರನೇ ಸೂಜಿಯ ತುಂಡು ಹಾರಿ ಕನ್ನಡಕಕ್ಕೆ ಬಡಿಯಿತು. ಅಲ್ಲಿಗೆ ಮಷೀನ್ ಮುಚ್ಚಿ ಮಲಗಿದೆ.

ಬೆಳಗ್ಗೆ ಪಕ್ಕದ ರಸ್ತೆಯ ಟೈಲರ್ ಅಣ್ಣನನ್ನು ಕರೆದೆ. ಅವರು ಮಷೀನಿನ ಮುಚ್ಚಳವನ್ನೂ ತೆಗೆಯಲಿಲ್ಲ. ಸೂಜಿಯ ಹತ್ತಿರ ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಬಿಚ್ಚಿ, ಅಂಗೈ ಮೇಲೆ ಅಂಗಾತ ಹಾಕಿ ತೋರಿಸಿದರು. "ಅಕ್ಕಾ, ಇದಕ್ಕೆ ಇರೋದು ಒಂದೇ ತೂತು. ಸೂಜಿ ಅತ್ತಿತ್ತ ಹೋಗೋಕೆ ಜಾಗ ಎಲ್ಲಿದೆ ಹೇಳಿ?" ಹಿಂದಿನ ದಿನ ಬ್ಲೌಸಿಗೆ ನೇರ ಹೊಲಿಗೆ ಹಾಕಲು ನಾನೇ ಆ ಫೂಟ್ ಹಾಕಿದ್ದೆ. ತೆಗೆಯಲು ಮರೆತಿದ್ದೆ, ಅಷ್ಟೇ.

ಆವತ್ತಿನಿಂದ ನನ್ನ ರೂಢಿ ಬದಲಾಯಿತು. ಸೂಜಿ ಮುರಿಯಲಿ, ಬಟ್ಟೆ ಮುಂದೆ ಹೋಗದಿರಲಿ, ಹೊಲಿಗೆ ತಪ್ಪಲಿ, ಟೆನ್ಶನ್ ಮುಟ್ಟುವ ಮೊದಲು ಫೂಟ್ ಬಿಚ್ಚಿ ಅಡಿ ನೋಡುತ್ತೇನೆ. ಫೂಟ್ ಅಂದರೆ ಪುಸ್ತಕದಲ್ಲಿ ಒತ್ತುಪಾದ ಅಂತ ಬರೆಯುತ್ತಾರಲ್ಲ, ಅದೇ. ಮೇಲಿಂದ ನೋಡಿದರೆ ಅರ್ಧಕ್ಕರ್ಧ ಫೂಟುಗಳು ಒಂದೇ ಥರ ಕಾಣುತ್ತವೆ. ಯಾವುದು ಏನು ಅಂತ ಗೊತ್ತಾಗುವುದು ತಿರುಗಿಸಿದ ಮೇಲೆ.

ನನ್ನ ಹತ್ತಿರ ಎರಡು ಡಬ್ಬಿ ಇವೆ. ಒಂದು ಅಮ್ಮನ ಕಾಲು ಮಷೀನಿನ ಜೊತೆ ಬಂದ ಬಿಸ್ಕತ್ ಡಬ್ಬಿ, ತುಂಬ ಕಬ್ಬಿಣದ ವಿಚಿತ್ರ ಸಾಮಾನು. ಇನ್ನೊಂದು ಆನ್‌ಲೈನಲ್ಲಿ ತರಿಸಿದ, 32 ಬೇರೆ ಬೇರೆ ಫೂಟುಗಳಿರುವ ಪ್ಲಾಸ್ಟಿಕ್ ಡಬ್ಬಿ. ಅದರೊಳಗಿನ ಚೀಟಿಯಲ್ಲಿ ಚಿತ್ರಗಳೂ ಸರಿಯಿಲ್ಲ, ಹೆಸರುಗಳೂ ಸರಿಯಿಲ್ಲ. ಈ ಎರಡೂ ಡಬ್ಬಿ ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೂರುತ್ತದಾ ನೋಡಿ

ಫೂಟ್ ಯಾವುದು ಅಂತ ಹುಡುಕುವ ಮೊದಲು ಅದು ನಿಮ್ಮ ಮಷೀನಿನದ್ದೇ ಹೌದಾ ಅಂತ ತಿಳಿಯಬೇಕು. ಈಗ ಸರಿಯಾಗಿ ಹೊಲಿಯುತ್ತಿರುವ ಫೂಟನ್ನೇ ಹಾಕಿ, ಕೆಳಗಿಳಿಸಿ. ಸೂಜಿ ಪ್ಲೇಟಿನ ಮೇಲ್ಮೈಯಿಂದ ಫೂಟ್ ಬಿಗಿಸುವ ಸ್ಕ್ರೂವಿನ ನಡುಮಧ್ಯದವರೆಗೆ ಸ್ಕೇಲ್ ಹಿಡಿದು ಅಳೆಯಿರಿ. ಅರ್ಧ ಇಂಚಿನಿಂದ ಮುಕ್ಕಾಲು ಇಂಚಿನೊಳಗೆ ಬಂದರೆ ಲೋ ಶ್ಯಾಂಕ್, ಅಂದರೆ ಫೂಟಿನ ಕಾಂಡ ಗಿಡ್ಡ. ಒಂದು ಇಂಚು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೈ ಶ್ಯಾಂಕ್. ಮನೆಯ ಕಪ್ಪು ಕಾಲು ಮಷೀನ್, ಮನೆಯ ಜಿಗ್‌ಜ್ಯಾಗ್ ಮಷೀನ್ ಇವೆಲ್ಲ ಬಹುಪಾಲು ಲೋ ಶ್ಯಾಂಕ್. ಗಾರ್ಮೆಂಟ್ಸಿನಲ್ಲಿ ಇರುವ ದೊಡ್ಡ ಒಂಟಿ ಸೂಜಿ ಮಷೀನುಗಳು, ಜೂಕಿ, ಜ್ಯಾಕ್ ಥರದವು, ಹೈ ಶ್ಯಾಂಕ್.

ಇದು ತಪ್ಪಿದರೆ ಏನಾಗುತ್ತದೆ ಅಂದರೆ, ಗಾರ್ಮೆಂಟ್ಸಿನ ಉದ್ದ ಫೂಟನ್ನು ಮನೆ ಮಷೀನಿಗೆ ಹಾಕಿದಾಗ ಅದು ಮೊದಲೇ ಪ್ಲೇಟಿಗೆ ತಾಗಿಬಿಡುತ್ತದೆ, ಫೂಟ್ ಎತ್ತಿಳಿಸುವ ಹಿಂದಿನ ಹಿಡಿ ಪೂರ್ತಿ ಇಳಿಯುವುದೇ ಇಲ್ಲ. ಉಲ್ಟಾ ಮಾಡಿದರೆ ಫೂಟ್ ಹಲ್ಲಿನ ಮೇಲೆ ಗಾಳಿಯಲ್ಲಿ ತೂಗುತ್ತದೆ, ಬಟ್ಟೆ ಇದ್ದಲ್ಲೇ ಇರುತ್ತದೆ, ಅಡಿಯಲ್ಲಿ ದಾರದ ಗೂಡು. ಜನ ಇದನ್ನು ಟೆನ್ಶನ್ ಹೋಗಿದೆ ಅಂತ ಮೆಕ್ಯಾನಿಕ್ ಹತ್ತಿರ ಒಯ್ಯುತ್ತಾರೆ.

ಮೂರನೆಯದೂ ಒಂದಿದೆ, ಓರೆ ಶ್ಯಾಂಕ್. 1952ರಲ್ಲಿ ಬಂದ ಸಿಂಗರ್ 301, ಆಮೇಲಿನ 401, 500ರಂಥ ಮಾದರಿಗಳಲ್ಲಿ ಸೂಜಿಯೇ ಓರೆಯಾಗಿ ಇಳಿಯುತ್ತದೆ, ಫೂಟೂ ಓರೆ. ಅಮೆರಿಕದಿಂದ ಯಾರಾದರೂ ಹಳೆ ಮಷೀನ್ ತಂದುಕೊಟ್ಟಿದ್ದರೆ ನೋಡಿಕೊಳ್ಳಿ. ಅದಕ್ಕೆ ಬೇರೆ ಯಾವ ಫೂಟೂ ಆಗುವುದಿಲ್ಲ.

ಈಗಿನ ಮಷೀನುಗಳಲ್ಲಿ ಸ್ಕ್ರೂ ಬಿಚ್ಚುವ ಕೆಲಸವಿಲ್ಲ. ಒಂದು ಹಿಡಿಕೆ ಖಾಯಂ ಇರುತ್ತದೆ, ಫೂಟಿನ ಅಡ್ಡ ಕಂಬಿ ಅದರ ಕೆಳಗಿನ ಸಂದಿಗೆ ಟಕ್ಕಂತ ಕಚ್ಚುತ್ತದೆ. ಸುಲಭವೇನೋ ಹೌದು. ಆದರೆ ಆ ಹಿಡಿಕೆಯ ಸ್ಕ್ರೂ ಅದುರಿ ಅದುರಿ ಸಡಿಲಾಗುತ್ತದೆ. ಫೂಟ್ ಒಂದು ಕೂದಲೆಳೆ ಪಕ್ಕಕ್ಕೆ ಸರಿದರೂ ಸಾಕು, ಜಿಗ್‌ಜ್ಯಾಗಿನಲ್ಲಿ ಸೂಜಿ ಒಂದೇ ಬದಿಗೆ ತಾಗುತ್ತದೆ. ಬೆರಳಲ್ಲಿ ತಿರುಗಿಸಿ ಬಿಗಿಯಾಯಿತು ಅಂದುಕೊಳ್ಳಬೇಡಿ. ಸ್ಕ್ರೂ ಡ್ರೈವರ್ ತಗೊಳ್ಳಿ.

ಅಡಿ ಓದುವುದು

ಫೂಟ್ ಅಂಗಾತ ಹಾಕಿ, ಬೆಳಕಿಗೆ ಹಿಡಿಯಿರಿ. ಮೊದಲು ಸೂಜಿ ಇಳಿಯುವ ಜಾಗ. ಒಂದೇ ದುಂಡು ತೂತು ಇದ್ದರೆ ಅದು ನೇರ ಹೊಲಿಗೆಗೆ ಮಾತ್ರ. ಅಡ್ಡಕ್ಕೆ ಉದ್ದ ಸೀಳು ಇದ್ದರೆ ಜಿಗ್‌ಜ್ಯಾಗಿಗೂ ಆಗುತ್ತದೆ. ಆ ಸೀಳಿನ ಅಗಲವನ್ನೂ ನೋಡಿ. ಮನೆ ಮಷೀನುಗಳಲ್ಲಿ ಕೆಲವು 5 ಮಿಲಿಮೀಟರ್ ಅಗಲದ ಹೊಲಿಗೆ ಹಾಕುತ್ತವೆ, ಕೆಲವು 7. ಏಳರ ಫೂಟ್ ಐದರ ಮಷೀನಿಗೆ ಕಚ್ಚಿತು ಅಂದರೆ ತೊಂದರೆ ಇಲ್ಲ. ಐದರ ಫೂಟನ್ನು ಏಳರ ಮಷೀನಿಗೆ ಹಾಕಿ ಡಯಲ್ ಪೂರ್ತಿ ತಿರುಗಿಸಿದಿರೋ, ಟಕ್. ನನ್ನ 32ರ ಡಬ್ಬಿಯಲ್ಲಿ ಎರಡೂ ಅಳತೆಯವು ಬೆರೆತು ಬಂದಿದ್ದವು, ಚೀಟಿಯಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ.

ಆಮೇಲೆ ಅಡಿಯ ಹಳ್ಳಗಳು. ಅಡಿ ಚಪ್ಪಟೆಯಾಗಿದ್ದರೆ ಸಾಮಾನ್ಯ ಫೂಟ್. ಸೂಜಿಯಿಂದ ಹಿಂದಕ್ಕೆ ಅಗಲವಾದ, ಆಳವಿಲ್ಲದ ಒಂದು ಹಳ್ಳ ಹೋಗಿದ್ದರೆ ಸ್ಯಾಟಿನ್ ಫೂಟ್. ಒತ್ತೊತ್ತಾದ ಕಸೂತಿ ಹೊಲಿಗೆ ಉಬ್ಬಿ ನಿಲ್ಲುತ್ತದಲ್ಲ, ಅದು ಸಿಕ್ಕಿಕೊಳ್ಳದೆ ಹಿಂದೆ ಜಾರಲಿ ಅಂತ ಆ ಹಳ್ಳ. ಒಂದೇ ಆಳವಾದ ಸುರಂಗ ಇದ್ದರೆ ಪೈಪಿಂಗ್ ಫೂಟ್. ಎರಡು ಸುರಂಗ, ನಡುವೆ ತೆಳು ಗೋಡೆ, ನಡುವಿಗೇ ಸೂಜಿ ತೂತು ಇದ್ದರೆ ಕಾಣದ ಜಿಪ್ ಹಾಕುವ ಫೂಟ್. ಜಿಪ್ಪಿನ ಹಲ್ಲು ಆ ಸುರಂಗದಲ್ಲಿ ಓಡುತ್ತದೆ. ಸಣ್ಣ ಸಣ್ಣ ಗೀರು ಐದೋ ಏಳೋ ಸಾಲಾಗಿದ್ದರೆ ಸಣ್ಣ ಸಣ್ಣ ಉಬ್ಬು ಮಡಿಕೆ ಹಾಕುವ ಪಿನ್‌ಟಕ್ ಫೂಟ್, ಅದಕ್ಕೆ ಜೋಡಿ ಸೂಜಿ ಬೇಕು. ಉದ್ದವಾಗಿದ್ದು, ಎರಡು ಕಿರಿದಾದ ತೋಡು ಅಕ್ಕಪಕ್ಕ ಇದ್ದರೆ ಗುಂಡಿ ಕಾಜಾ ಫೂಟ್.

ಮುಂದುಗಡೆ ಬಸವನ ಹುಳುವಿನಂತೆ ಸುರುಳಿ ಸುತ್ತಿದ್ದರೆ ಅಂಚು ಸುತ್ತುವ ಫೂಟ್. ಇದೊಂದನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ, ಆದರೆ ಬಳಸುವಾಗ ಎಲ್ಲರೂ ಬೈಯುತ್ತಾರೆ. ಅದಕ್ಕೆ ಮುಂದೆ ಬರುತ್ತೇನೆ.

ಗೊಂದಲ ಆಗುವುದು ಎರಡು ಜೋಡಿಯಲ್ಲಿ. ಒಂದು, ತಗಡಿನ ರೆಕ್ಕೆ ಇರುವ ಫೂಟುಗಳು. ರೆಕ್ಕೆ ಸೂಜಿಯ ಮುಂದೆ ನೇರವಾಗಿ, ನಡುವಿನಲ್ಲಿ ನಿಂತಿದ್ದು ಸೂಜಿ ಇಳಿಯುವ ಜಾಗ ಖಾಲಿ ಇದ್ದರೆ ಅದು ಅಂಚಿನ ಗುಂಟ ಹೊಲಿಯುವ ಫೂಟ್. ರೆಕ್ಕೆ ಹೊಲಿಗೆಯ ಜಾಗದೊಳಕ್ಕೂ ಬಂದಿದ್ದು, ಸೂಜಿ ಅದರ ಆಚೆ ಈಚೆ ಇಳಿಯುವಂತಿದ್ದರೆ ಪ್ಯಾಂಟಿನ ಕಾಲಿಗೆ ಕಾಣದ ಹೊಲಿಗೆ ಹಾಕುವ ಫೂಟ್. ಕೆಲವಕ್ಕೆ ರೆಕ್ಕೆ ಅತ್ತಿತ್ತ ಸರಿಸಲು ಪುಟ್ಟ ಸ್ಕ್ರೂ ಕೂಡ ಇರುತ್ತದೆ.

ಇನ್ನೊಂದು ಜೋಡಿ ಜಾಸ್ತಿ ಅಪಾಯದ್ದು. ಸಾಮಾನ್ಯ ಜಿಗ್‌ಜ್ಯಾಗ್ ಫೂಟ್ ಮತ್ತು ಓವರ್‌ಲಾಕ್ ಥರ ಅಂಚು ಕಟ್ಟುವ ಫೂಟ್. ಎರಡೂ ಒಂದೇ ಗಾತ್ರ, ಎರಡಕ್ಕೂ ಅಗಲ ಸೀಳು. ಆದರೆ ಎರಡನೆಯದರ ಸೀಳಿನ ಮೇಲೆ ಒಂದು ಕೂದಲಿನಂಥ ಕಂಬಿ ಉದ್ದಕ್ಕೆ ಮಲಗಿರುತ್ತದೆ. ದಾರ ಆ ಕಂಬಿಯ ಮೇಲೆ ಸುತ್ತಿಕೊಂಡು ಹಿಂದೆ ಜಾರುವುದರಿಂದ ಬಟ್ಟೆಯ ಅಂಚು ಮುದುಡುವುದಿಲ್ಲ. ಈ ಫೂಟ್ ಹಾಕಿಕೊಂಡು ಮಧ್ಯದ ನೇರ ಹೊಲಿಗೆಗೆ ಡಯಲ್ ತಿರುಗಿಸಿದರೆ ಸೂಜಿ ಆ ಕಂಬಿಯ ತಲೆಗೇ ಹೋಗಿ ಬೀಳಬಹುದು. ಜಿಗ್‌ಜ್ಯಾಗ್ ಕಿರಿದಾಗಿ ಇಟ್ಟರೂ ಅಷ್ಟೇ. ಅಗಲ ಜಾಸ್ತಿ ಇಟ್ಟರೆ ಮಾತ್ರ ಕಂಬಿ ದಾಟಿ ಇಳಿಯುತ್ತದೆ.

ಯಾವುದೇ ಫೂಟ್ ಬದಲಿಸಿದರೂ ಪೆಡಲ್ ಮೇಲೆ ಕಾಲಿಡುವ ಮುಂಚೆ ಬದಿಯ ಚಕ್ರವನ್ನು ಕೈಯಿಂದ, ನಿಮ್ಮ ಕಡೆಗೆ, ನಿಧಾನ ತಿರುಗಿಸಿ. ಸೂಜಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಪೂರ್ತಿ ಇಳಿದು ಮೇಲೆ ಬರಬೇಕು. ಹತ್ತು ಸೆಕೆಂಡಿನ ಕೆಲಸ. ನಾನು ಆ ರಾತ್ರಿ ಮಾಡಿದ್ದರೆ ಮೂರು ಸೂಜಿ ಉಳಿಯುತ್ತಿದ್ದವು.

ಬಟ್ಟೆ ಹೋಗುತ್ತಿಲ್ಲ, ಓರೆ ಹೋಗುತ್ತಿದೆ

ಇದಕ್ಕೆ ಹಳೆ ಕ್ಯಾಲೆಂಡರಿನ ಹಾಳೆ ಬೇಕು. ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ. ಸೂಜಿಯ ದಾರ ತೆಗೆಯಿರಿ, ಬಾಬಿನ್ ಹೊರಗಿಡಿ. ಪಟ್ಟಿಯನ್ನು ಫೂಟಿನ ಕೆಳಗಿಟ್ಟು, ಫೂಟ್ ಇಳಿಸಿ, ಚಕ್ರವನ್ನು ಹತ್ತು ಹನ್ನೆರಡು ಸುತ್ತು ಕೈಯಲ್ಲೇ ತಿರುಗಿಸಿ. ಪಟ್ಟಿ ತೆಗೆದು ಅಡಿ ನೋಡಿ. ಹಲ್ಲಿನ ಗುರುತು ಎಡಬಲ ಎರಡೂ ಕಡೆ ಒಂದೇ ಸಮ ಇದ್ದರೆ ಫೂಟ್ ಸರಿ ಕೂತಿದೆ. ಒಂದೇ ಕಡೆ ಗುರುತಿದ್ದು ಪಟ್ಟಿ ತಿರುಗಿಕೊಂಡು ಹೋದರೆ ಫೂಟಿನ ಒಂದು ಬೆರಳು ಬಗ್ಗಿದೆ ಅಥವಾ ನೀವು ಒಂಟಿ ಕಾಲಿನ ಅರ್ಧ ಫೂಟ್ ಹಾಕಿದ್ದೀರಿ. ಗುರುತೇ ಬೀಳದಿದ್ದರೆ ಫೂಟ್ ಹಲ್ಲನ್ನು ಒತ್ತುತ್ತಿಲ್ಲ, ಇಲ್ಲವೇ ಹಲ್ಲು ಕೆಳಗಿಳಿದಿದೆ. ಈ ಪಟ್ಟಿ ಇಲ್ಲದೆ ಬರೀ ಫೂಟ್ ಇಳಿಸಿ ಮಷೀನ್ ಓಡಿಸಬೇಡಿ. ಹಲ್ಲು ಫೂಟಿನ ಅಡಿಯನ್ನು ಗೀರುತ್ತದೆ, ಆ ಗೀರು ಆಮೇಲೆ ರೇಷ್ಮೆಯ ಎಳೆ ಎಳೆಯುತ್ತದೆ.

ಹಲ್ಲು ಇಳಿದಿರುವುದಕ್ಕೆ ಸಾಮಾನ್ಯವಾಗಿ ಕಾರಣ ಹಿಂದಿನ ಫೂಟ್. ಸ್ಪ್ರಿಂಗ್ ಇರುವ, ತುದಿಯಲ್ಲಿ ಉಂಗುರದಂತಿರುವ ರಫೂ ಫೂಟ್, ಮತ್ತು ಗುಂಡಿ ಹಚ್ಚುವ ಗಿಡ್ಡ ಫೂಟ್, ಇವೆರಡನ್ನೂ ಹಲ್ಲು ಇಳಿಸಿ ಬಳಸುತ್ತಾರೆ. ಕೆಲಸ ಮುಗಿದ ಮೇಲೆ ಫೂಟ್ ಬದಲಿಸುತ್ತೇವೆ, ಹಲ್ಲು ಎತ್ತುವುದು ಮರೆತುಹೋಗುತ್ತದೆ. ರಫೂ ಫೂಟ್ ಹಾಕಿಕೊಂಡು ಬಟ್ಟೆ ತಾನಾಗಿ ಹೋಗುತ್ತಿಲ್ಲ ಅಂತ ಒದ್ದಾಡುವವರೂ ಇದ್ದಾರೆ. ಅಲ್ಲಿ ಬಟ್ಟೆ ಸರಿಸಬೇಕಾದದ್ದು ನಮ್ಮ ಕೈ.

ಅರ್ಧ ಫೂಟ್, ಅಂದರೆ ಜಿಪ್ ಹಾಕುವ ಒಂಟಿ ಕಾಲಿನದು, ಒಂದೇ ಬದಿಯ ಹಲ್ಲನ್ನು ಒತ್ತುವುದರಿಂದ ಬಟ್ಟೆ ಸ್ವಲ್ಪ ತಿರುಗುವುದು ಅದರ ಗುಣವೇ. ಮಷೀನಿನ ದೋಷ ಅಲ್ಲ. ಹಗುರ ಬಟ್ಟೆಗೆ ಅದರಲ್ಲಿ ಹೊಲಿಗೆ ತಪ್ಪುವುದೂ ಉಂಟು, ಯಾಕಂದರೆ ಸೂಜಿಯ ಸುತ್ತ ಬಟ್ಟೆ ಹಿಡಿಯಲು ಏನೂ ಇಲ್ಲ, ಸೂಜಿಯ ಜೊತೆಗೇ ಬಟ್ಟೆಯೂ ಮೇಲೇಳುತ್ತದೆ. ಜಿಪ್ ಮುಗಿಯಿತಾ, ಮಾಮೂಲಿ ಫೂಟಿಗೆ ಬನ್ನಿ. ಹಳೆ ಮಷೀನಿನ ಜಿಪ್ ಫೂಟಿನಲ್ಲಿ ಕಾಲು ಅತ್ತಿತ್ತ ಸರಿಯುತ್ತದೆ, ಹಿಂದೆ ಸ್ಕ್ರೂ ಇರುತ್ತದೆ. ಸೂಜಿ ಪಕ್ಕದ ಕಚ್ಚಿನ ನಡುವೆ ಇಳಿಯುವಂತೆ ಇಟ್ಟು ಬಿಗಿಸಬೇಕು. ಅರ್ಧ ಜಿಪ್ಪಿನಲ್ಲಿ ಆ ಸ್ಕ್ರೂ ಸಡಿಲಾದರೆ ಸೂಜಿಯೂ ಹೋಯಿತು, ಜಿಪ್ಪೂ ಹೋಯಿತು.

ಜೀನ್ಸ್ ಪ್ಯಾಂಟಿನ ಕಾಲು ಮಡಿಸುವಾಗ ಪಕ್ಕದ ದಪ್ಪ ಹೊಲಿಗೆ ಬಂದ ಕೂಡಲೇ ಮಷೀನ್ ನಿಂತಲ್ಲೇ ಗುದ್ದುತ್ತದೆ ಅಲ್ವಾ. ಫೂಟಿನ ಮೂತಿ ಮೇಲಕ್ಕೆ, ಹಿಮ್ಮಡಿ ಕೆಳಕ್ಕೆ ಆಗಿರುತ್ತದೆ, ಹಲ್ಲಿಗೆ ಹಿಡಿತ ಸಿಗುವುದಿಲ್ಲ. ಸೂಜಿ ಕೆಳಗಿಟ್ಟುಕೊಂಡು ಫೂಟ್ ಎತ್ತಿ, ಅದೇ ದಪ್ಪಕ್ಕೆ ಮಡಚಿದ ಚಿಂದಿಯನ್ನು ಹಿಮ್ಮಡಿ ಕೆಳಗೆ ತುರುಕಿ, ಫೂಟ್ ಇಳಿಸಿ. ಸಲೀಸಾಗಿ ಹತ್ತುತ್ತದೆ. ಜಾನೋಮ್ ಕಂಪನಿಯ ಕೆಲವು ಮಾಮೂಲಿ ಫೂಟುಗಳಲ್ಲಿ ಒಂದು ಕಪ್ಪು ಗುಂಡಿ ಇರುತ್ತದೆ. ಅದು ಇದಕ್ಕೇ ಇರುವುದು, ಒತ್ತಿ ಹಿಡಿದು ಫೂಟ್ ಇಳಿಸಿದರೆ ಮಟ್ಟಸವಾಗಿ ನಿಲ್ಲುತ್ತದೆ. ನಾನು ಎರಡು ವರ್ಷ ಅದನ್ನು ಫೂಟ್ ಕಳಚುವ ಗುಂಡಿ ಅಂದುಕೊಂಡು ಸುಮ್ನೆ ಒತ್ತುತ್ತಿದ್ದೆ.

ಕಸೂತಿ ಹೊಲಿಗೆ ಒಂದೇ ಕಡೆ ಗುಡ್ಡೆ ಬೀಳುತ್ತಿದ್ದರೆ ಅಡಿ ಚಪ್ಪಟೆ ಇರುವ ಫೂಟ್ ಹಾಕಿದ್ದೀರಿ. ಹಳ್ಳ ಇರುವುದನ್ನು ಹಾಕಿ, ಅಷ್ಟೇ.

ದಾರ ಪದೇ ಪದೇ ಸಿಬಿರಾಗಿ ಕಡಿಯುತ್ತಿದ್ದರೆ, ಸೂಜಿ ಹೊಸದಾಗಿದ್ದರೆ, ಫೂಟಿನ ತೂತಿನ ಸುತ್ತ ಹಳೆ ನೈಲಾನ್ ಸಾಕ್ಸ್ ಉಜ್ಜಿ ನೋಡಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಹಿಂದೆ ಯಾವತ್ತೋ ಸೂಜಿ ಬಡಿದು ಮುಳ್ಳೆದ್ದಿದೆ. ನುಣ್ಣನೆಯ ಪಾಲಿಶ್ ಪೇಪರನ್ನು ಸುರುಳಿ ಮಾಡಿ ಉಜ್ಜಿದರೆ ಹೋಗುತ್ತದೆ. ಪ್ಲೇಟಿನ ತೂತನ್ನೂ ಹೀಗೇ ನೋಡಿ.

ಸುರುಳಿ ಫೂಟಿನ ಜಗಳ

ದುಪಟ್ಟಾ ಅಂಚು ಸುತ್ತಲು ಕೂತವರೆಲ್ಲ ಮೊದಲ ದಿನ ಈ ಫೂಟ್ ಎಸೆಯಬೇಕು ಅಂದುಕೊಳ್ಳುತ್ತಾರೆ. ದೋಷ ಮೂರು ಥರ. ಅಂಚಿನ ಎಳೆ ಹೊರಗೆ ಇಣುಕುತ್ತಿದ್ದರೆ ಸುರುಳಿಯೊಳಗೆ ಬಟ್ಟೆ ಕಮ್ಮಿ ಹೋಗುತ್ತಿದೆ. ಅಂಚು ದಪ್ಪಗೆ ಮುದ್ದೆಯಾಗಿ ಬರುತ್ತಿದ್ದರೆ ಜಾಸ್ತಿ ಹೋಗುತ್ತಿದೆ. ಎಡಗಡೆ ಬಟ್ಟೆಯನ್ನು ಬಿಟ್ಟು, ಬಲಗಡೆಯ ಅಂಚನ್ನು ಮಾತ್ರ ಎರಡು ಬೆರಳಲ್ಲಿ ಸ್ವಲ್ಪ ಎತ್ತಿ ಹಿಡಿದುಕೊಳ್ಳಿ, ಸುರುಳಿ ತುಂಬುವಷ್ಟು ಕೊಡುತ್ತಾ ಹೋಗಿ. ಕಣ್ಣು ಸೂಜಿಯ ಮೇಲಲ್ಲ, ಸುರುಳಿಯ ಬಾಯಿಯ ಮೇಲೆ ಇರಲಿ.

ಮೂರನೆಯದು, ಶುರುವೇ ಆಗದಿರುವುದು. ಮೂಲೆ ಸುರುಳಿಯೊಳಗೆ ಹೋಗುವುದೇ ಇಲ್ಲ. ಮೂಲೆಯನ್ನು ಚೂರು ಓರೆ ಕತ್ತರಿಸಿ, ಅಲ್ಲಿಗೆ ಕೈಯಿಂದ ಎರಡು ಹೊಲಿಗೆ ಹಾಕಿ ಉದ್ದ ದಾರ ಬಿಟ್ಟುಕೊಳ್ಳಿ. ಆ ದಾರವನ್ನು ಸುರುಳಿಯೊಳಗಿಂದ ಹಿಂದಕ್ಕೆ ಎಳೆದರೆ ಮೂಲೆ ಅದರ ಹಿಂದೆಯೇ ಬರುತ್ತದೆ. ಜಾರ್ಜೆಟ್, ಶಿಫಾನಿಗೆ 2 ಮಿಲಿಮೀಟರಿನ ಸುರುಳಿ, ಹತ್ತಿ ಬಟ್ಟೆಗೆ 4. ಎರಡು ಬಟ್ಟೆ ಕೂಡಿಸಿದ ಜೋಡಿನ ಮೇಲೆ ಎರಡರ ಸುರುಳಿ ಹತ್ತುವುದಿಲ್ಲ, ಅಲ್ಲಿ ಜೋಡಿನ ಮಿಕ್ಕ ಬಟ್ಟೆ ಕತ್ತರಿಸಿ ತೆಳು ಮಾಡಲೇಬೇಕು.

ಅಕ್ಷರ ನಂಬಬಹುದಾ

ಫೂಟಿನ ಮೇಲೆ ಕೊರೆದಿರುವ ಅಕ್ಷರವನ್ನು ನಂಬಬಹುದು, ಆದರೆ ಯಾವ ಕಂಪನಿಯ ಅಕ್ಷರ ಅಂತ ಗೊತ್ತಿದ್ದರೆ ಮಾತ್ರ. ಉಷಾ ಜಾನೋಮಿನಲ್ಲಿ ಎ ಅಂದರೆ ಜಿಗ್‌ಜ್ಯಾಗ್, ಸಿ ಅಂದರೆ ಅಂಚು ಕಟ್ಟುವುದು, ಡಿ ಸುರುಳಿ, ಇ ಜಿಪ್, ಎಫ್ ಸ್ಯಾಟಿನ್, ಜಿ ಕಾಣದ ಹೊಲಿಗೆ. ಬ್ರದರ್ ಮಷೀನಿನಲ್ಲಿ ಜೆ ಅಂದರೆ ಜಿಗ್‌ಜ್ಯಾಗ್, ಐ ಜಿಪ್, ಆರ್ ಕಾಣದ ಹೊಲಿಗೆ, ಜಿ ಅಂಚು ಕಟ್ಟುವುದು. ನೋಡಿ, ಜಿ ಎರಡರಲ್ಲೂ ಇದೆ, ಕೆಲಸ ಬೇರೆ ಬೇರೆ. ಆರ್ ಕೂಡ ಹಾಗೇ, ಜಾನೋಮಿನಲ್ಲಿ ಅದು ಕಾಜಾ ಫೂಟ್. ಅಕ್ಕನ ಮಷೀನಿಂದ ಜಿ ತಂದು ನಿಮ್ಮದಕ್ಕೆ ಹಾಕುವಾಗ ಅಡಿ ನೋಡಿಯೇ ಹಾಕಿ.

ಗಾರ್ಮೆಂಟ್ಸ್ ಫೂಟುಗಳಲ್ಲಿ ನಂಬರ್ ಇರುತ್ತದೆ. ಪಿ351 ಅಂದರೆ ಮಾಮೂಲಿ ಫೂಟ್, ಟಿ351 ಅದೇ ಆಕಾರ, ಅಡಿ ಬಿಳಿ ಟೆಫ್ಲಾನ್. ರೆಕ್ಸಿನ್ ಹೊಲಿಯುವಾಗ ಅಂಟಿಕೊಂಡು ಹೊಲಿಗೆ ಚಿಕ್ಕದಾಗುತ್ತಿದ್ದರೆ ಅದು ಬೇಕು. ಪಿ36 ಅಂದರೆ ಕಿರಿದಾದ ಅರ್ಧ ಫೂಟ್. ಇವೆಲ್ಲ ಹೈ ಶ್ಯಾಂಕ್, ಮನೆ ಮಷೀನಿಗೆ ಚೀಪಾಗಿ ಸಿಕ್ಕಿತು ಅಂತ ತಗೊಳ್ಳಬೇಡಿ.

ಅಮ್ಮನ ಬಿಸ್ಕತ್ ಡಬ್ಬಿ

ಹಳೆ ಸಾಮಾನಿನ ಮೇಲೆ ಸಿಮಾಂಕೋ ಅಂತ ಕೊರೆದಿದ್ದರೆ ಅದು ಸಿಂಗರ್ ಕಂಪನಿಯ ಅಸಲಿ ಬಿಡಿಭಾಗ. ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಅನ್ನುವುದನ್ನೇ ಮೊಟಕು ಮಾಡಿದ ಹೆಸರು ಅದು. ಪಕ್ಕದ ನಂಬರ್ ಓದಲು ಬೂತಗನ್ನಡಿ ಬೇಕು. 121441 ನೆರಿಗೆ ಫೂಟ್, ಅಡಿಯಲ್ಲಿ ಸೂಜಿಯ ಹಿಂದೆ ಮೆಟ್ಟಿಲಿನಂತೆ ಮೇಲಕ್ಕೆದ್ದಿರುತ್ತದೆ. 36865 ಅಂಚಿನ ಗುಂಟ ಹೊಲಿಯುವುದು. 120855 ಸುರುಳಿ. 25527 ಫೂಟೇ ಅಲ್ಲ, ಮಷೀನಿನ ಹಾಸಿನ ಮೇಲಿರುವ ತೂತಿಗೆ ಸ್ಕ್ರೂ ಹಾಕಿ ಕೂರಿಸುವ, ಹೊಲಿಗೆ ಅಂಚಿನಿಂದ ಒಂದೇ ದೂರದಲ್ಲಿ ಹೋಗಲು ಇರುವ ಗೆರೆ ಪಟ್ಟಿ. ನಾನು ಅದನ್ನು ಫೂಟ್ ಕಂಬಿಗೆ ಸಿಕ್ಕಿಸಲು ಅರ್ಧ ಗಂಟೆ ಕಾದಾಡಿದ್ದೇನೆ.

ಡಬ್ಬಿಯಲ್ಲಿ ಅತಿ ದೊಡ್ಡದು, ಕಪ್ಪೆಯಂತೆ ಕಾಣುವುದು, ನೆರಿಗೆ ಹಿಡಿಯುವ ರಫ್ಲರ್. ಮೇಲೆ 1, 6, 12 ಮತ್ತು ಒಂದು ನಕ್ಷತ್ರ ಇರುತ್ತದೆ. ಒಂದಕ್ಕಿಟ್ಟರೆ ಪ್ರತಿ ಹೊಲಿಗೆಗೂ ನೆರಿಗೆ, ಆರಕ್ಕಿಟ್ಟರೆ ಆರು ಹೊಲಿಗೆಗೊಂದು, ಹನ್ನೆರಡಕ್ಕಿಟ್ಟರೆ ಹನ್ನೆರಡಕ್ಕೊಂದು. ನಕ್ಷತ್ರಕ್ಕಿಟ್ಟರೆ ನೆರಿಗೆಯೇ ಇಲ್ಲ, ಬರೀ ನೇರ ಹೊಲಿಗೆ. ರಫ್ಲರ್ ಕೆಟ್ಟಿದೆ ಅಂತ ಕೊಟ್ಟುಬಿಡುವವರು ಒಮ್ಮೆ ಅದು ನಕ್ಷತ್ರದ ಮೇಲಿದೆಯಾ ನೋಡಿ. ಇನ್ನೊಂದು, ಅದರ ಕವಲು ತೋಳು ಸೂಜಿ ಬಿಗಿಸುವ ಸ್ಕ್ರೂವನ್ನು ಅಪ್ಪಿಕೊಂಡಿರಬೇಕು. ಸೂಜಿ ಮೇಲೆ ಕೆಳಗೆ ಹೋಗುವಾಗ ಅದೇ ರಫ್ಲರನ್ನು ಓಡಿಸುವುದು. ತೋಳು ಪಕ್ಕಕ್ಕೆ ಬಿದ್ದಿದ್ದರೆ ಎಲ್ಲ ಸತ್ತು ಕೂತಿರುತ್ತದೆ. ಎರಡು ಪದರ ಬಟ್ಟೆ ಸಮನಾಗಿ ಎಳೆಯಲು ಬರುವ ದಪ್ಪ ಬಿಳಿ ವಾಕಿಂಗ್ ಫೂಟಿಗೂ ಇದೇ ಥರ ತೋಳು, ಇದೇ ದೋಷ. ರಫ್ಲರ್ ಹಾಕಿಕೊಂಡು ಜಿಗ್‌ಜ್ಯಾಗಿಗೆ ಮಾತ್ರ ಡಯಲ್ ತಿರುಗಿಸಬೇಡಿ, ದಯವಿಟ್ಟು.

ಹೊಸ ಫೂಟ್ ತರಲು ಅಂಗಡಿಗೆ ಹೋಗುವವರು ಮಷೀನಿನ ಮಾದರಿ ಹೆಸರು ಬಾಯಲ್ಲಿ ಹೇಳುವುದಕ್ಕಿಂತ, ಈಗ ಸರಿ ಕೂರುವ ಒಂದು ಹಳೆ ಫೂಟನ್ನು ಬಿಚ್ಚಿ ಪರ್ಸಿನಲ್ಲಿ ಹಾಕಿಕೊಂಡು ಹೋಗಿ. ಚಿಕ್ಕಪೇಟೆಯಾಗಲಿ, ನಿಮ್ಮೂರಿನ ಮಷೀನ್ ಅಂಗಡಿಯಾಗಲಿ, ಎರಡನ್ನೂ ಗಾಜಿನ ಮೇಲೆ ಬೆನ್ನಿಗೆ ಬೆನ್ನು ನಿಲ್ಲಿಸಿ. ಸ್ಕ್ರೂ ಕೂರುವ ಜಾಗ ಒಂದೇ ಎತ್ತರದಲ್ಲಿದ್ದರೆ ದುಡ್ಡು ಕೊಡಿ. ಇಲ್ಲದಿದ್ದರೆ ಅಂಗಡಿಯವರು ಎಲ್ಲಾ ಮಷೀನಿಗೂ ಆಗುತ್ತೆ ಮೇಡಂ ಅಂದರೂ ವಾಪಸ್ ಕೊಟ್ಟು ಬನ್ನಿ.